ಉತ್ತರದ ಬೆಳಕಿಗೆ ಎತ್ತಿದ ಚೀಟಿ

ಎರಡು ವರ್ಷದಿಂದ ನಾನು ದಿನಾ ಧ್ರುವಪ್ರಭೆ ನೋಡುತ್ತಿದ್ದೇನೆ. ನೋಡುವುದು ನೈರೋಬಿಯ ಕಿಲಿಮಾನಿಯಲ್ಲಿ, ಔಷಧಿ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ, ಆಫೀಸು ವೇಳೆಯಲ್ಲಿ. ಮಧ್ಯೆ ಊಟಕ್ಕೆ ಬಿಡುವುಂಟು. ಭೂಮಧ್ಯರೇಖೆಗೆ ಇಲ್ಲಿಂದ ಬೆಳಗ್ಗೆ ಹೊರಟರೆ ಊಟದ ಹೊತ್ತಿಗೆ ಮುಟ್ಟಬಹುದು. ಧ್ರುವಕ್ಕೆ ಹಾಗೆಲ್ಲ ಹೋಗಲಾಗುವುದಿಲ್ಲ.

ನಮ್ಮದು ಲೇಬಲ್ ಹಚ್ಚುವ ಆಫೀಸು. ಕಂಪ್ಯೂಟರಿಗೆ ತಾನಾಗಿ ಏನೂ ತಿಳಿಯುವುದಿಲ್ಲ. ಇದು ಬೆಕ್ಕು, ಇದು ಬೆಕ್ಕಲ್ಲ ಎಂದು ಯಾರಾದರೂ ಲಕ್ಷ ಸಲ ಹೇಳಿಕೊಡಬೇಕು. ಹೇಳಿಕೊಡಲು ಪುರುಸೊತ್ತಿಲ್ಲದ ದೇಶಗಳು ಆ ಕೆಲಸವನ್ನು ನೈರೋಬಿಗೆ ಕಳಿಸುತ್ತವೆ. ಮೊದಲು ನಾವು ಸೂಪರ್‌ಮಾರ್ಕೆಟ್ಟಿನ ಸೋಪು ಶಾಂಪೂಗಳಿಗೆ ಲೇಬಲ್ ಹಚ್ಚಿದೆವು. ಆಮೇಲೆ ಒಂದು ವರ್ಷ ಬರೀ ಕೋಳಿ. ಕೋಳಿ ಮುಗಿಯುವ ಹೊತ್ತಿಗೆ ನಾರ್ವೆಯ ಉತ್ತರ ತುದಿಯಿಂದ, ಸಂಶೋಧಕರ ಒಂದು ತಂಡದ ಕಡೆಯಿಂದ, ಆಕಾಶ ಬಂತು.

ಅಲ್ಲಿ ಗುಡ್ಡದ ಮೇಲೆ ಒಂದು ಕ್ಯಾಮೆರಾ ಇಟ್ಟಿದ್ದಾರೆ. ಅದು ಅಂಗಾತ ಮಲಗಿ, ರಾತ್ರಿಯಿಡೀ ನಿಮಿಷಕ್ಕೊಂದರಂತೆ ಇಡೀ ಆಕಾಶದ ಚಿತ್ರ ತೆಗೆಯುತ್ತದೆ. ಚಿತ್ರ ದೋಸೆಯ ಹಾಗೆ ಗುಂಡಗೆ ಬರುತ್ತದೆ, ಕಪ್ಪುಬಿಳುಪು. ಅದರಲ್ಲಿ ಏನಿದೆ ಎಂದು ನಾವು ಹೇಳಬೇಕು. ಮೋಡ, ಚಂದ್ರ, ಖಾಲಿ ಇವು ಸುಲಭ. ಅರೋರಾ, ಅಂದರೆ ಧ್ರುವಪ್ರಭೆ, ಇದ್ದರೆ ಯಾವ ಬಗೆಯದು ಎಂದೂ ಹೇಳಬೇಕು.

ಆಫೀಸಿನ ಯಜಮಾನರು ನನ್ನ ಗಂಡ ಮಧುಕರ. ಹುಡುಗರು ಹಚ್ಚಿದ ಲೇಬಲ್ಲನ್ನು ತಿದ್ದುವುದು ನನ್ನ ಕೆಲಸ. ಮೈಸೂರಿನಲ್ಲಿ ಹೈಸ್ಕೂಲಿಗೆ ವಿಜ್ಞಾನ ಹೇಳಿಕೊಡುತ್ತಿದ್ದವಳು ನಾನು, ತಿದ್ದುವುದು ಕೈಗೆ ಅಂಟಿಬಂದಿದೆ. ಮನೆಯಲ್ಲೂ ತಿದ್ದುತ್ತೇನೆ, ಅಲ್ಲಿ ಫಲಿತಾಂಶ ಕಡಿಮೆ.

ಈ ಧ್ರುವಪ್ರಭೆ ಅನ್ನುವುದು ಹೇಗೆ ನಡೆದುಕೊಳ್ಳುತ್ತದೆಂದು ಕೇಳಿದರೆ ನಾನು ನಿದ್ದೆಯಲ್ಲೂ ಹೇಳಬಲ್ಲೆ. ಮೊದಲು ದೋಸೆಯ ಈ ಅಂಚಿನಿಂದ ಆ ಅಂಚಿಗೆ ಬಿಳಿ ದಾರದಂತೆ ಒಂದು ಕಮಾನು, ನಮ್ಮ ಲೇಬಲ್ಲಿನಲ್ಲಿ ಆರ್ಕ್. ಅದು ಸುಮ್ಮನೆ ಇರುತ್ತದೆ. ಚಿತ್ರದ ಮೇಲೆ ಚಿತ್ರ ತಿರುವಿದರೂ ಅಲ್ಲೇ ಇರುತ್ತದೆ, ನೋಡಿ ನೋಡಿ ಆಕಳಿಕೆ ಬರಬೇಕು. ಆಮೇಲೆ ಒಂದು ಚಿತ್ರದಲ್ಲಿ ಅದರ ಕೆಳ ಅಂಚು ಬೆಳ್ಳಗಾಗುತ್ತದೆ. ಮುಂದಿನದರಲ್ಲಿ ಅದೇ ಅಂಚಿನಲ್ಲಿ ಮಣಿ ಪೋಣಿಸಿದಂತೆ ಸಣ್ಣ ಸಣ್ಣ ಹೊಳಪು. ಅದರ ಮುಂದಿನದರಲ್ಲಿ ದಾರ ಮಡಚಿ ಸುತ್ತಿ ಪರದೆಯಾಗಿ ಉತ್ತರಕ್ಕೂ ಪಶ್ಚಿಮಕ್ಕೂ ಹಬ್ಬಿರುತ್ತದೆ. ಇನ್ನೊಂದರಲ್ಲಿ ಇಡೀ ದೋಸೆ ಬಿಳಿ. ತಲೆಯ ಮೇಲೆ ನೆಟ್ಟಗೆ ನಿಂತರೆ ಕಿರಣಗಳೆಲ್ಲ ಒಂದು ಬಿಂದುವಿಗೆ ಸೇರಿದಂತೆ ಕಾಣುತ್ತದೆ, ಅದಕ್ಕೆ ಕರೋನಾ ಎನ್ನುತ್ತಾರೆ. ಆಮೇಲೆ ಎಲ್ಲ ಚದುರಿ, ಬೆಳಗಿನ ಜಾವದ ಹೊತ್ತಿಗೆ ಆಕಾಶದ ತುಂಬ ಮಸುಕು ತೇಪೆಗಳು ಉಳಿಯುತ್ತವೆ. ಅವಕ್ಕೆ ನಾವು ಪ್ಯಾಚ್ ಎನ್ನುತ್ತೇವೆ.

ಇಷ್ಟೆಲ್ಲ ಗೊತ್ತು. ಆದರೆ ಒಂದು ಚಿತ್ರಕ್ಕೂ ಇನ್ನೊಂದಕ್ಕೂ ಮಧ್ಯೆ ಒಂದು ನಿಮಿಷವಿದೆ. ಆ ನಿಮಿಷದಲ್ಲಿ ಏನಾಗುತ್ತದೆಂದು ನಮ್ಮ ಆಫೀಸಿನಲ್ಲಿ ಯಾರೂ ನೋಡಿರಲಿಲ್ಲ. ಮಣಿ ಪರದೆಯಾಗುವುದು ಮೆಲ್ಲಗೋ, ಫಕ್ಕನೋ? ಫೋನಿನಲ್ಲಿ ವಿಡಿಯೋ ಸಿಗುತ್ತವೆ, ಆದರೆ ಅವರೆಲ್ಲ ಓಡಿಸಿರುತ್ತಾರೆ, ಹಿಂದೆ ಪಿಟೀಲು ಬೇರೆ. ಅದನ್ನು ನಂಬುವ ಹಾಗಿಲ್ಲ. ನನಗೆ ಆ ಮಧ್ಯದ ನಿಮಿಷ ನೋಡಬೇಕಿತ್ತು. ಚಿನ್ನ ಕೇಳಿದವಳಲ್ಲ, ಸ್ಪ್ರಿಂಗ್ ವ್ಯಾಲಿಯಲ್ಲಿ ಬಂಗಲೆ ಕೇಳಿದವಳಲ್ಲ. ಇದೊಂದನ್ನು ಮಾತ್ರ ಮನಸ್ಸು ಹಟ ಹಿಡಿದು ಕೇಳುತ್ತಿತ್ತು.

ಪ್ಯಾಚಿನ ವಿಷಯದಲ್ಲಂತೂ ಆಫೀಸಿನಲ್ಲಿ ದಿನಾ ಜಗಳ. ಒಂದು ಚಿತ್ರದಲ್ಲಿ ತೇಪೆ ಇರುತ್ತದೆ, ಮುಂದಿನದರಲ್ಲಿ ಇರುವುದಿಲ್ಲ, ಅದರ ಮುಂದಿನದರಲ್ಲಿ ಅದೇ ಜಾಗದಲ್ಲಿ ಅದೇ ಆಕಾರದಲ್ಲಿ ಮತ್ತೆ ಹಾಜರು. ನಾನು "ಇಪೋ" ಎನ್ನುವುದು, ಲೇಬಲ್ ಹಚ್ಚುವ ಕೆವಿನ್ "ಹೈಪೋ" ಎನ್ನುವುದು. ಸ್ವಾಹಿಲಿಯಲ್ಲಿ ಇಪೋ ಎಂದರೆ ಇದೆ, ಹೈಪೋ ಎಂದರೆ ಇಲ್ಲ. ಕೆವಿನ್ ಎಂಥ ವಾದಿಯೆಂದರೆ, ಲಿಫ್ಟು ಕೆಟ್ಟಿದೆ ಎಂದು ಬೋರ್ಡು ಹಾಕಿದ್ದರೂ ಒಮ್ಮೆ ಗುಂಡಿ ಒತ್ತಿಯೇ ನೋಡುತ್ತಾನೆ. ಅವನ ಪಕ್ಕದ ಮೇಜಿನ ಸಿಲ್ವಿಯಾ ಇಬ್ಬರ ಮಾತಿಗೂ ನಗುತ್ತಾ ತನ್ನ ಮಾತು ಬೇರೆ ಸೇರಿಸುತ್ತಾಳೆ. ಆ ಹುಡುಗಿ ಬಾಯಿ ಮುಚ್ಚಿದ್ದನ್ನು ನಾನು ನೋಡಿರಲಿಲ್ಲ. ಕಿಸುಮು ಕಡೆಯವಳು, ಒಳ್ಳೆಯ ಕಣ್ಣು, ಮಾತು ಮಾತ್ರ ಹರಿಯುವ ನಲ್ಲಿ. ನಮ್ಮ ಸಂಭಾಷಣೆ ಇಂಗ್ಲಿಷು ಸ್ವಾಹಿಲಿ ಕಲಸಿದ್ದು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ ಅಷ್ಟೆ. ಅವಳಿಗೆ ಬರುವ ಕನ್ನಡ "ಸಾಕು" ಒಂದೇ, ಅದೂ ನನ್ನಿಂದ ಕಲಿತದ್ದು.

ಹೋದ ವರ್ಷ ಸೆಪ್ಟೆಂಬರಿನಲ್ಲಿ ನಾರ್ವೆಯ ಆ ತಂಡದ ಮುಖ್ಯಸ್ಥೆ ಪ್ರೊಫೆಸರಮ್ಮನಿಂದ ಸಂದೇಶ ಬಂತು. ಡಿಸೆಂಬರಿನಲ್ಲಿ ಒಂದು ವಾರ ನಿಮ್ಮ ಆಫೀಸಿನಿಂದ ಒಬ್ಬರನ್ನು ಕಳಿಸಿಕೊಡಿ, ಖರ್ಚೆಲ್ಲ ನಮ್ಮದು, ಇಷ್ಟು ದಿನ ಚಿತ್ರ ನೋಡಿದವರು ಒಮ್ಮೆ ಆಕಾಶವನ್ನೇ ನೋಡಲಿ ಎಂದು. ಯಾರು ಎನ್ನುವುದು ನಿಮ್ಮ ತೀರ್ಮಾನ.

ಇವರು ಓದಿ ಹೇಳಿದಾಗ ನಾನು ಕಂಪ್ಯೂಟರಿನ ಪರದೆಯಿಂದ ಕಣ್ಣೆತ್ತಲಿಲ್ಲ. "ಶೈಲೂ, ನೀನು ಹೋಗಿ ಬಾ" ಎಂದು ಇವರೇ ಹೇಳಲಿ ಎಂದು ಕಾದೆ. ಇಡೀ ದಿನ ಕಾದೆ. ಮನೆಗೆ ಹೋಗುವಾಗ ಕಾರಿನಲ್ಲಿ ಕಾದೆ. ಸಾರಿಗೆ ಒಗ್ಗರಣೆ ಹಾಕುವಾಗ ಇವರು ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು.

"ಚೀಟಿ ಎತ್ತಿಸಿಬಿಡ್ತೀನಿ ಕಣೇ. ಯಾರಿಗೂ ಬೇಜಾರಾಗಲ್ಲ."

"ಹೂಂ," ಎಂದೆ. ಸಾಸಿವೆ ಸಿಡಿಯಿತು.

ಚೀಟಿ ಎಂದರೆ ಚೀಟಿಯೇ ಇರಲಿ. ಮಂತ್ರಾಲಯದ ರಾಯರಿಗೆ ಹರಕೆ ಹೊತ್ತು ಗುರುವಾರ ಒಪ್ಪತ್ತು ಶುರು ಮಾಡಿದೆ. ಒಂದು ಶನಿವಾರ ಯಾರಿಗೂ ಹೇಳದೆ ಟೋಯಿ ಮಾರ್ಕೆಟ್ಟಿಗೆ ಹೋದೆ. ಯುರೋಪಿನವರು ಉಟ್ಟು ಬಿಟ್ಟ ಬಟ್ಟೆಯೆಲ್ಲ ಮೂಟೆ ಕಟ್ಟಿಕೊಂಡು ಬಂದು ಅಲ್ಲಿ ಬೀಳುತ್ತದೆ. ಭೂಮಧ್ಯರೇಖೆಯ ಬಿಸಿಲಿನಲ್ಲಿ ಹಿಮದ ಜಾಕೆಟ್ಟುಗಳ ಒಂದು ಗುಡ್ಡೆಯೇ ಇತ್ತು, ಕೊಳ್ಳುವವರು ಯಾರೂ ಇರಲಿಲ್ಲ. ಕಿತ್ತಳೆ ಬಣ್ಣದ್ದೊಂದನ್ನು ಹಾಕಿ ನೋಡಿದೆ. ಬೆವರು ಇಳಿಯಿತು, ಆದರೆ ಅಳತೆ ಸರಿಯಾಗಿತ್ತು. ಕಾಲರಿನ ಒಳಗೆ ಯಾವ ದೇಶದ್ದೋ ಮಗುವೊಂದು ತನ್ನ ತಾಯಿಯ ಜಾಕೆಟ್ಟಿಗೆ ಪೆನ್ನಿನಲ್ಲಿ ಹೂ ಬರೆದಿತ್ತು. ತಂದು ಬೀರುವಿನಲ್ಲಿ ರೇಷ್ಮೆ ಸೀರೆಗಳ ಹಿಂದೆ ಇಟ್ಟೆ.

ಚೀಟಿ ಎತ್ತುವ ದಿನ ಇವರು ಮನೆಯಿಂದ ಚಟ್ನಿಪುಡಿ ಡಬ್ಬಿಯನ್ನು ತೊಳೆದು ತಂದಿದ್ದರು. ನಮ್ಮವರು ಯಾರೂ ಎತ್ತಬಾರದೆಂದು ನೀರಿನ ಕ್ಯಾನು ತರುವ ಡೇವಿಡನನ್ನು ಕರೆದರು. ಡೇವಿಡ್ ಕ್ಯಾನು ಇಳಿಸಿ, ಕೈ ಒರೆಸಿಕೊಂಡು, ಇದು ಏನಾದರೂ ಪೊಲೀಸ್ ವ್ಯವಹಾರವೇ ಎಂದು ಕೇಳಿ ಖಾತ್ರಿ ಮಾಡಿಕೊಂಡು ಡಬ್ಬಿಗೆ ಕೈ ಹಾಕಿದ. ನಾನು ಮನಸ್ಸಿನಲ್ಲೇ ರಾಯರನ್ನು ನೆನೆದೆ.

"ಸಿಲ್ವಿಯಾ," ಎಂದು ಓದಿದ.

ಅವಳು ಕಿರುಚಿದ ರಭಸಕ್ಕೆ ಕೆಳಗಿನ ಔಷಧಿ ಅಂಗಡಿಯವನು ಮೇಲೆ ಓಡಿ ಬಂದ. ಎಲ್ಲರೂ ಕುಣಿದರು. ಸಿಲ್ವಿಯಾ ನನ್ನನ್ನು ಅಪ್ಪಿಕೊಂಡು ನೆಲದಿಂದ ಎತ್ತಿಯೇಬಿಟ್ಟಳು. ನಾನೂ ಚಪ್ಪಾಳೆ ತಟ್ಟಿದೆ. ಅಂಗೈ ಉರಿಯುವಷ್ಟು ತಟ್ಟಿದೆ.

ನಮ್ಮ ಮನೆ ಇರುವುದು ಸೌತ್ ಸಿ ಬಡಾವಣೆಯಲ್ಲಿ. ಸಂಜೆಯ ಹೊತ್ತು ಮ್ಬಗಾತಿ ರಸ್ತೆಯಲ್ಲಿ ಕಾರು ಹೋಗುವುದಿಲ್ಲ, ನಿಲ್ಲುತ್ತದೆ. ಆವತ್ತು ಪಕ್ಕದಲ್ಲಿ ಒಂದು ಮಟಾಟು, ಅಂದರೆ ಇಲ್ಲಿಯ ಖಾಸಗಿ ಬಸ್ಸು, ನಮ್ಮ ಕಿಟಕಿ ಅದುರುವಷ್ಟು ಹಾಡು ಹಾಕಿಕೊಂಡು ನಿಂತಿತ್ತು. ನಾನು ಹೊರಗೆ ನೋಡುತ್ತಿದ್ದೆ. ನನ್ನ ಮುಖ ನೋಡಿ ಇವರಿಗೆ ಏನೋ ಅನ್ನಿಸಿರಬೇಕು. ಸಮಾಧಾನದ ದನಿ ತೆಗೆದರು.

"ಬೇಜಾರು ಮಾಡ್ಕೋಬೇಡ ಶೈಲೂ. ನೀನೇನೂ ಸೋತಿಲ್ಲ. ನಿನ್ನ ಹೆಸರು ಹಾಕೇ ಇರ್ಲಿಲ್ಲ."

ಮಟಾಟುವಿನ ಹಾಡಿನಲ್ಲಿ ಸರಿಯಾಗಿ ಕೇಳಿಸಲಿಲ್ಲವೆಂದುಕೊಂಡೆ. ಗಾಜು ಏರಿಸಿದೆ.

"ಏನಂದ್ರಿ?"

"ಡಬ್ಬೀಲಿ ನಿನ್ನ ಹೆಸರು ಇರ್ಲಿಲ್ಲ ಅಂದೆ. ನನ್ನದೂ ಇರ್ಲಿಲ್ಲ. ನಾವೇ ಎತ್ತಿಸೋರು, ನಮಗೇ ಬಂದ್ರೆ ಜನ ಏನಂತಾರೆ? ಮಿಕ್ಸಿ ನೆನಪಿಲ್ವಾ?"

ಮಿಕ್ಸಿ ನೆನಪಿಲ್ಲದೆ ಏನು. ನೈರೋಬಿಯ ಕನ್ನಡದವರಲ್ಲಿ ಮಿಕ್ಸಿ ಪ್ರಕರಣ ಗೊತ್ತಿಲ್ಲದವರಿಲ್ಲ. ಹಿಂದೊಂದು ಯುಗಾದಿ ಕೂಟದ ಲಕ್ಕಿ ಡ್ರಾದಲ್ಲಿ ಮೊದಲ ಬಹುಮಾನದ ಮಿಕ್ಸಿ ಆಗಿನ ಕಾರ್ಯದರ್ಶಿಯ ಹೆಂಡತಿಗೆ ಬಂತು. ಪಾಪ, ನ್ಯಾಯವಾಗಿಯೇ ಬಂದದ್ದು. ಆದರೆ ಆಕೆ ಅದರಲ್ಲಿ ಒಂದು ದಿನವೂ ನೆಮ್ಮದಿಯಾಗಿ ಚಟ್ನಿ ರುಬ್ಬಲಿಲ್ಲ. ಊಟಕ್ಕೆ ಹೋದವರೆಲ್ಲ "ಚಟ್ನಿ ನುಣ್ಣಗಿದೆ, ಯಾವ ಮಿಕ್ಸಿ?" ಎಂದು ಕೇಳಿದರು. ಕೊನೆಗೆ ಆಕೆ ಅದನ್ನು ದೇವಸ್ಥಾನದ ಅಡುಗೆಮನೆಗೆ ಕೊಟ್ಟರು. ಅಲ್ಲಿ ಪ್ರಸಾದದ ಚಟ್ನಿಗೂ ಅದೇ ಮಾತು. ಮರುವರ್ಷ ಕಾರ್ಯದರ್ಶಿಯಾದ ಇವರು, ಡ್ರಾ ನಡೆಸುವವರ ಮನೆಯವರ ಹೆಸರು ಡಬ್ಬಿಗೆ ಬೀಳಕೂಡದು ಎಂದು ನಿಯಮ ಮಾಡಿದರು. ಒಳ್ಳೆಯ ನಿಯಮ. ನಾನೇ ಕೈಯೆತ್ತಿ ಒಪ್ಪಿದ್ದೆ.

"ಅದು ಮಿಕ್ಸಿ ಕಣ್ರೀ," ಎಂದೆ.

"ನಿಯಮ ಅಂದ್ಮೇಲೆ ನಿಯಮ ಅಲ್ವೇ?"

ಗುರುವಾರದ ಒಪ್ಪತ್ತು ಎಷ್ಟಾಗಿತ್ತೆಂದು ಬೆರಳಲ್ಲಿ ಎಣಿಸಿದೆ. ರಾಯರಾದರೂ ಏನು ಮಾಡಿಯಾರು, ಡಬ್ಬಿಯಲ್ಲಿ ಹೆಸರೇ ಇಲ್ಲದ ಮೇಲೆ?

ಆವತ್ತಿನಿಂದ ನಾನು ಇವರ ಜೊತೆ ಮಾತು ಬಿಟ್ಟೆ. ಆಫೀಸಿನಲ್ಲಿ ಕೆಲಸಕ್ಕೆ ಬೇಕಾದಷ್ಟು ಮಾತ್ರ, ಅದೂ ಇಂಗ್ಲಿಷಿನಲ್ಲಿ. ಇವರಿಗೆ ಉಪ್ಪಿಟ್ಟು ಆಗುವುದಿಲ್ಲ. ಬೆಳಗ್ಗೆ ಉಪ್ಪಿಟ್ಟು ಮಾಡಿದೆ, ರಾತ್ರಿಯೂ ಮಾಡಿದೆ, ಊಟದ ಡಬ್ಬಿಗೂ ಅದನ್ನೇ ತುಂಬಿದೆ. ಮೂರು ದಿನ ಇವರು ಸುಮ್ಮನೆ ತಿಂದರು. ನಾಲ್ಕನೆಯ ದಿನ "ಇವತ್ತು ಉಪ್ಪಿಟ್ಟು ಉದುರುದುರಾಗಿದೆ" ಎಂದರು. ಮನುಷ್ಯನಿಗೆ ತಾನು ತಪ್ಪು ಮಾಡಿದ್ದೇನೆ ಅನ್ನುವುದಿರಲಿ, ಶಿಕ್ಷೆ ನಡೆಯುತ್ತಿದೆ ಅನ್ನುವುದೂ ತಿಳಿದಿರಲಿಲ್ಲ.

ಉಪ್ಪಿಟ್ಟು ಮಗಳ ತಟ್ಟೆಗೂ ಬೀಳುತ್ತಿದ್ದುದರಿಂದ ವಿಚಾರಣೆಗೆ ಅವಳು ಬಂದಳು. ನಿಕಿತಾಗೆ ಹದಿನೇಳು. ಕನ್ನಡ ಕೇಳಿ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಜಾತಿ.

"ಅಮ್ಮಾ, ಡಿಡ್ ಯು ಟೆಲ್ ಹಿಮ್ ಯು ವಾಂಟೆಡ್ ಟು ಗೋ?"

"ಹೇಳ್ಬೇಕಾ? ನಿಮ್ಮಪ್ಪಂಗೆ ಗೊತ್ತಿರ್ಬೇಕಿತ್ತು."

"ಹೌ?"

ಈ ಊರಿನ ಶಾಲೆಗಳಲ್ಲಿ ಮಕ್ಕಳಿಗೆ ಪ್ರಶ್ನೆ ಕೇಳುವುದನ್ನು ತುಂಬಾ ಚೆನ್ನಾಗಿ ಕಲಿಸುತ್ತಾರೆ. ನಾನು ಅವಳಿಗೆ ಇನ್ನೊಂದು ಸೌಟು ಉಪ್ಪಿಟ್ಟು ಬಡಿಸಿದೆ.

ನವೆಂಬರಿನ ಒಂದು ಭಾನುವಾರ ಸಿಲ್ವಿಯಾ ಮನೆಗೆ ಬಂದಳು. ವೀಸಾ ಬಂದಿತ್ತು. ಸೋಫಾದ ಅಂಚಿನಲ್ಲಿ ಕೂತು ಚಹಾ ಹಿಡಿದು, ಅದು ಆರುವ ತನಕ ಲೋಟವನ್ನು ಕೈಯಲ್ಲಿ ತಿರುಗಿಸುತ್ತಿದ್ದಳು.

"ಮಾಮಾ ನಿಕಿತಾ," ಎಂದಳು ಆಮೇಲೆ. ಮಾಮಾ ಎಂದರೆ ಇಲ್ಲಿ ತಾಯಿ, ತಾಯಂದಿರನ್ನು ಮಕ್ಕಳ ಹೆಸರು ಸೇರಿಸಿ ಕರೆಯುತ್ತಾರೆ. "ಚೀಟಿ ಮಡಚಿದ್ದು ನಾನೇ. ನಿಮ್ಮ ಹೆಸರು ಬರೆದಿರಲಿಲ್ಲ. ನೀವು ಯಜಮಾನರ ಹೆಂಡತಿ, ನೀವು ಹೇಗೂ ಹೋಗುತ್ತೀರಿ, ಇದು ಇನ್ನೊಂದು ಸೀಟಿಗೆ ಎಂದುಕೊಂಡೆ. ನೀವು ಹೋಗುತ್ತಿಲ್ಲ ಎಂದು ಕೆವಿನ್ ಹೇಳಿದ. ನಿಮಗೆ ಹೋಗಬೇಕಿತ್ತೇ?"

ಇಷ್ಟು ದಿನದಲ್ಲಿ ಈ ಪ್ರಶ್ನೆಯನ್ನು ನೇರವಾಗಿ ಕೇಳಿದವಳು ಇವಳೊಬ್ಬಳೇ.

"ಇತ್ತು," ಎಂದೆ.

"ನೀವು ಹೇಳಿದರೆ ನಾನು ಬಿಡುತ್ತೇನೆ. ಇನ್ನೂ ಕಾಲ ಮಿಂಚಿಲ್ಲ. ಪ್ರೊಫೆಸರಮ್ಮನಿಗೆ ಬರೆಯೋಣ."

ಬಿಡು ಎಂಬ ಮಾತು ನನ್ನ ನಾಲಿಗೆಯ ತುದಿಯವರೆಗೆ ಬಂದಿತ್ತು. ದೊಡ್ಡ ಗುಣ ಎಂದೆಲ್ಲ ಯಾರೂ ತಿಳಿಯಬಾರದು. ನಾನು ಬಾಯಿ ತೆರೆದೂ ಆಗಿತ್ತು. ಅಷ್ಟರಲ್ಲಿ ಅವಳು, "ಒಂದು ವೇಳೆ ನಾನೇ ಹೋಗುವುದಾದರೆ, ಮೊದಲು ಯಾವುದನ್ನು ನೋಡಬೇಕು?" ಎಂದು ಕೇಳಿದಳು.

ಮೇಷ್ಟರ ಜನ್ಮ ಕೆಟ್ಟದ್ದು. ಪ್ರಶ್ನೆ ಕೇಳಿದರೆ ಉತ್ತರ ಹೇಳದಿರಲು ಬರುವುದಿಲ್ಲ. ಕಮಾನು ಕಂಡರೆ ಕೆಳ ಅಂಚಿನ ಮೇಲೆ ಕಣ್ಣಿಡು ಎಂದು ಶುರು ಮಾಡಿದೆ. ಮಸುಕಾಗಿದ್ದಾಗ ನಮ್ಮ ಚಿತ್ರದ ಹಾಗೆ ಬಿಳಿಯಾಗಿಯೇ ಕಾಣುತ್ತದೆ, ಬಣ್ಣವಿಲ್ಲ ಎಂದು ಹೆದರಬೇಡ, ಬೆಳಕು ಏರಿದಾಗ ಹಸಿರು ಕಾಣುತ್ತದೆ, ತುಂಬಾ ಏರಿದರೆ ಕೆಳಗೆ ಗುಲಾಬಿ ಅಂಚು. ಮಣಿ ಪರದೆಯಾಗುವುದು ಎಷ್ಟು ಬೇಗ ಎಂದು ನೋಡು. ಬೆಳಗಿನ ಜಾವ ಎಲ್ಲರೂ ಮಲಗಿದ ಮೇಲೆ ಹೊರಗೆ ಬಾ, ಪ್ಯಾಚ್ ಇರುವುದು ಆಗಲೇ. ನೋಡಿದ್ದನ್ನೆಲ್ಲ ನನಗೆ ಹೇಳು, ನಿಂತಲ್ಲೇ ಫೋನು ಮಾಡಿ ಹೇಳು. ಹೇಳಿ ಮುಗಿಸುವ ಹೊತ್ತಿಗೆ ಹೊರಗೆ ಕತ್ತಲಾಗಿತ್ತು. ಎದ್ದು ಬೀರು ತೆಗೆದು ಕಿತ್ತಳೆ ಜಾಕೆಟ್ಟನ್ನು ಅವಳ ಕೈಗೆ ಕೊಟ್ಟೆ.

"ಹೊಟ್ಟೆಕಿಚ್ಚು ಆಗುತ್ತಿದೆ ಕಣೇ ನನಗೆ," ಎಂದೆ. "ಬೇಗ ಹಾಕಿಕೊಂಡು ನಡಿ."

"ಸಾಕು," ಎಂದಳು ಅವಳು ಕನ್ನಡದಲ್ಲಿ, ಕಣ್ಣೊರೆಸಿಕೊಂಡು. ಆ ಪದವನ್ನು ಎಲ್ಲಿ ಹಾಕಬೇಕೆಂದು ಅವಳಿಗೆ ಇನ್ನೂ ಸರಿಯಾಗಿ ತಿಳಿದಿಲ್ಲ.

ಡಿಸೆಂಬರಿನಲ್ಲಿ ಹೋದಳು. ಮೊದಲ ದಿನದ ಸಂದೇಶ: "ಮೋಡ." ಎರಡನೆಯ ದಿನದ್ದು: "ಮೋಡ, ನೂರಕ್ಕೆ ನೂರು." ಮೂರನೆಯ ದಿನ ಬಂದ ಫೋಟೋದಲ್ಲಿ ಕಿತ್ತಳೆ ಜಾಕೆಟ್ಟು ಹಾಕಿ ಹಿಮದಲ್ಲಿ ನಿಂತಿದ್ದಳು, ಹಿಂದೆ ಮೋಡ. ಒಂದು ಕಡೆ ಅಯ್ಯೋ ಪಾಪ ಅನ್ನಿಸಿತು. ಇನ್ನೊಂದು ಕಡೆ ಹಿತವಾಯಿತು. ಎರಡನ್ನೂ ಒಟ್ಟಿಗೇ ಅನುಭವಿಸುತ್ತಾ ವಾರ ಕಳೆದೆ.

ಹೊರಡುವ ಹಿಂದಿನ ಸಂಜೆ ನಾವು ಊಟಕ್ಕೆ ಕೂತಿದ್ದಾಗ ಫೋನು ಬಂತು. ಪರದೆಯ ತುಂಬ ಕತ್ತಲೆ, ಮೂಲೆಯಲ್ಲಿ ಅವಳ ಉಸಿರಿನ ಹೊಗೆ.

"ಆರ್ಕ್, ಮಾಮಾ ನಿಕಿತಾ! ಉತ್ತರಕ್ಕೆ. ಈ ಅಂಚಿನಿಂದ ಆ ಅಂಚಿಗೆ. ನಮ್ಮ ಚಿತ್ರದ ಹಾಗೇ ಬೆಳ್ಳಗೆ. ಅಲ್ಲಾಡುತ್ತಿಲ್ಲ."

ನಾನು ಅನ್ನದ ಕೈಯಲ್ಲೇ ಎದ್ದೆ. "ಕೆಳ ಅಂಚು ನೋಡು. ಕೆಳ ಅಂಚು!"

"ನೋಡುತ್ತಿದ್ದೇನೆ. ಏನೂ ಇಲ್ಲ. ಏನೂ ಇಲ್ಲ. ಅಯ್ಯೋ, ಬೆಳ್ಳಗಾಗುತ್ತಿದೆ. ಹಸಿರು!"

"ಮಣಿ ಬಂತಾ?"

"ಮಣಿ ಬಂತು. ಪೂರ್ವದಲ್ಲಿ. ಸಾಲಾಗಿ ಹತ್ತಿಕೊಂಡು ಬರುತ್ತಿದೆ, ಮಾಮಾ, ಅದು..."

ಅಷ್ಟೆ. ಒಂದು ಕಿರುಚು, ಆಮೇಲೆ ಗಾಳಿಯ ಸದ್ದು, ಹಿಮದ ಮೇಲೆ ಯಾರದೋ ಬೂಟು. "ಸಿಲ್ವಿಯಾ! ಈಗೇನಾಯ್ತು? ಬೇಗವೋ ಮೆಲ್ಲಗೋ? ಹೇಳೇ!" ಎಂದು ನಾನು ಕೂಗಿದೆ. ಕನ್ನಡದಲ್ಲೇ ಕೂಗಿದೆನಂತೆ. ಆಫೀಸಿನಲ್ಲಿ ಕೈ ತೊಳೆಯುವಾಗಲೂ ಗೋಡೆಯ ಜೊತೆ ಮಾತಾಡುವ ಹುಡುಗಿ, ನನಗೆ ಬೇಕಾಗಿದ್ದ ಆ ಒಂದೇ ಒಂದು ನಿಮಿಷದಲ್ಲಿ ಬಾಯಿ ಮುಚ್ಚಿಕೊಂಡಳು. ನೋಡನೋಡುತ್ತಾ ಫೋನೂ ಸತ್ತಿತು.

ಕೈಯ ಅನ್ನ ಒಣಗಿತ್ತು. ಇವರು ತಟ್ಟೆಯ ಮುಂದೆ ಕೂತು ನನ್ನನ್ನೇ ನೋಡುತ್ತಿದ್ದರು. ನಿಕಿತಾ "ಅಮ್ಮಾ" ಎಂದಳು, ಮುಂದಕ್ಕೆ ಇಂಗ್ಲಿಷು ಬರಲಿಲ್ಲ. ನಾನು ಕೈ ತೊಳೆದು ಬಂದು ಸೋಫಾದಲ್ಲಿ ಕೂತು ಅತ್ತೆ. ಸಣ್ಣ ಮಕ್ಕಳ ಹಾಗೆ ಅತ್ತೆ. ಇವರು ಹತ್ತಿರ ಬಂದು ನಿಂತು, ಏನು ಮಾಡಬೇಕೆಂದು ತಿಳಿಯದೆ ಫ್ಯಾನು ಹಾಕಿದರು.

"ನಿಂಗೆ ಇಷ್ಟೊಂದು ಆಸೆ ಇತ್ತಾ ಶೈಲೂ?"

ನಾನು ಎದ್ದು ಫ್ಯಾನು ಆರಿಸಿದೆ. ಮಾತು ಬಿಟ್ಟಿದ್ದೆನಲ್ಲ.

ರಾತ್ರಿ ಸಂದೇಶ ಬಂದಿತ್ತು. "ಕ್ಷಮಿಸಿ. ಮಾತಾಡುವುದು ಮರೆತುಹೋಯಿತು."

ಮಾರನೆಯ ಬೆಳಗ್ಗೆ ಹಾಲು ಉಕ್ಕುವ ಹೊತ್ತಿಗೆ ಮತ್ತೆ ಫೋನು ಬಂತು. ನಮಗಿಂತ ಅಲ್ಲಿ ಎರಡು ಗಂಟೆ ಹಿಂದೆ, ಚಳಿಗಾಲದ ಗಾಢ ಕತ್ತಲು. ನಮ್ಮ ಬಾಲ್ಕನಿಯ ಎದುರು ಹಾಡಾಡಾ ಹಕ್ಕಿಗಳು ಎಂದಿನಂತೆ ಇಡೀ ಬಡಾವಣೆಯನ್ನು ಬೈದು ಎಬ್ಬಿಸುತ್ತಿದ್ದವು. ನಾನು ಬಾಲ್ಕನಿಯ ಬಾಗಿಲು ಹಾಕಿ, ಒಲೆ ಆರಿಸಿ, ಫೋನನ್ನು ಕಿವಿಗೆ ಒತ್ತಿಕೊಂಡೆ.

"ಎಲ್ಲರೂ ಮಲಗಿದ್ದಾರೆ," ಎಂದಳು. ಹಲ್ಲು ಕಟಕಟ ಎನ್ನುತ್ತಿತ್ತು. "ನೀವು ಹೇಳಿದ್ದಿರಲ್ಲ, ಎದ್ದು ಬಂದೆ. ಈ ಸಲ ಮಾತಾಡುತ್ತೇನೆ. ಪ್ಯಾಚ್ ಇದೆ. ಆಕಾಶದ ತುಂಬ ಇದೆ."

"ಯಾವುದಾದರೂ ಒಂದನ್ನು ಹಿಡಿ. ಒಂದನ್ನೇ ನೋಡು."

"ತಲೆಯ ಮೇಲೊಂದಿದೆ. ಹರಿದ ಚಪಾತಿಯ ಹಾಗಿದೆ."

"ಏನು ಮಾಡ್ತಿದೆ?"

"ಇಪೋ," ಎಂದಳು. ನಾಲ್ಕೈದು ಸಲ ಹಲ್ಲು ಕಟಕಟಿಸಿತು. "ಹೈಪೋ."

ನಾನು ಫೋನಿನ ದನಿ ಏರಿಸಿದೆ.

"ಇಪೋ... ಹೈಪೋ... ಇಪೋ. ಅದೇ ಜಾಗ, ಅದೇ ಆಕಾರ. ಯಾರೋ ಒಳಗೆ ದೀಪ ಹಚ್ಚಿ ಆರಿಸಿದ ಹಾಗೆ. ಹೈಪೋ... ಇಪೋ..."

ಇಷ್ಟು ಕಾಲ ನಾನೂ ಕೆವಿನ್ನೂ ಕಿತ್ತಾಡಿದ್ದು ಇದಕ್ಕೇ. ಇಬ್ಬರೂ ಸರಿ. ಇದು ನನಗೆ ಅಷ್ಟೇನೂ ಇಷ್ಟವಾಗಲಿಲ್ಲ. ಆದರೆ ಕಣ್ಣು ಮುಚ್ಚಿಕೊಂಡೆ, ಅವಳು ಇಪೋ ಎಂದಾಗ ಕಪ್ಪಿನಲ್ಲಿ ಒಂದು ತೇಪೆ ಹೊತ್ತಿತು, ಹೈಪೋ ಎಂದಾಗ ಆರಿತು. ಮಧ್ಯೆ ಅವಳ ಉಸಿರು ಕೇಳುತ್ತಿತ್ತು. ಬಲಗಡೆಯದಕ್ಕೆ ಬೇರೆಯೇ ತಾಳವಂತೆ, ಅದು ಬೇಗ ಬೇಗ. ಎಲ್ಲವೂ ಸೇರಿ ಮೆಲ್ಲಮೆಲ್ಲಗೆ ಪೂರ್ವಕ್ಕೆ ಸರಿಯುತ್ತಿವೆಯಂತೆ. ಎರಡು ಚಿತ್ರಗಳ ನಡುವಿನ ಆ ನಿಮಿಷ ಕೊನೆಗೂ ನನ್ನ ಪಾಲಿಗೆ ಬಂದಿತ್ತು, ಸೌತ್ ಸಿಯ ಅಡುಗೆಮನೆಯಲ್ಲಿ, ಕಿವಿಯಿಂದ. ಸಂತೋಷವಾಯಿತು. ಎಷ್ಟು ಸಂತೋಷವಾಯಿತೆಂದರೆ, ಇಷ್ಟು ಸಾಲದು, ನನ್ನ ಕಣ್ಣಿಂದಲೇ ನೋಡಬೇಕು ಎಂದು ಹಿಂದೆಂದಿಗಿಂತ ಗಟ್ಟಿಯಾಗಿ ಅನ್ನಿಸಿತು.

"ಇಪೋ... ಹೈಪೋ..."

ಅಲ್ಲಿಗೆ ನಿಂತಿತು. ಚಳಿಗೆ ಅವಳ ಫೋನಿನ ಬ್ಯಾಟರಿ ಸತ್ತಿರಬೇಕು. ನಾನು ಮುಂದಿನ ಇಪೋಗಾಗಿ ಇನ್ನೂ ಸ್ವಲ್ಪ ಹೊತ್ತು ಫೋನು ಹಿಡಿದೇ ನಿಂತಿದ್ದೆ.

ತಿರುಗಿದರೆ ಇವರು ಬಾಗಿಲಲ್ಲಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ, ಕೈಯಲ್ಲಿ ಎರಡು ಲೋಟ, ಎರಡೂ ಖಾಲಿ. ಕಾಫಿಯ ಹಾಲಿಗಾಗಿ ಕಾಯುತ್ತಿದ್ದರು.

"ಮುಂದಿನ ವರ್ಷವೂ ಒಬ್ಬರನ್ನ ಕರೀತಾರಂತೆ ಕಣೇ," ಎಂದರು. ದನಿ ಸಣ್ಣದಾಗಿತ್ತು. "ನಿಯಮ ಹಾಳಾಗಿ ಹೋಗ್ಲಿ. ನಿನ್ನ ಹೆಸರನ್ನೂ ಡಬ್ಬಿಗೆ ಹಾಕ್ತೀನಿ."

ಎರಡು ತಿಂಗಳ ಮೇಲೆ ನಾನು ಇವರ ಜೊತೆ ಕನ್ನಡದಲ್ಲಿ ಮಾತಾಡಿದೆ.

"ಡಬ್ಬಿಗೆ ಬೇಡ. ನೆಟ್ಟಗೆ ಟಿಕೆಟ್ಟಿಗೇ ಹಾಕಿ. ಮಾರ್ಚಿ ತನಕ ಅರೋರಾ ಇರುತ್ತೆ."

ಇವರು ಲೋಟ ಕೆಳಗಿಟ್ಟು ಫೋನು ತೆಗೆದರು. ಕನ್ನಡಕ ಹುಡುಕಿ ಹಾಕಿಕೊಂಡು ಕುರ್ಚಿಯಲ್ಲಿ ಕೂತರು. ಮುಖದಲ್ಲಿ ಗೆಲುವು ಬಂದಿತ್ತು.

"ಹಾಗಾದ್ರೆ ಎರಡು ಮಾಡಿಸ್ಲಾ? ನಾನೂ ಬರ್ತೀನಿ."

ನಾನು ಒಲೆ ಹಚ್ಚಿ ಹಾಲನ್ನು ಮತ್ತೆ ಇಟ್ಟೆ.

"ಮಾಡಿಸೋರು ನೀವು. ನಿಮ್ಮ ಹೆಸರೇ ಹಾಕ್ಕೊಂಡ್ರೆ ಜನ ಏನಂತಾರೆ?"

ಇವರು ಬೆರಳು ಎತ್ತಿಕೊಂಡು ಯೋಚಿಸಿದರು. ತಮಾಷೆಯೇ ಎಂದು ನನ್ನ ಬೆನ್ನನ್ನು ನೋಡಿರಬೇಕು. ನಾನು ತಿರುಗಲಿಲ್ಲ.

"ಅದೂ ಸರಿನೇ," ಎಂದು ಒಂದು ಟಿಕೆಟ್ಟು ಹುಡುಕತೊಡಗಿದರು. ನಾನು ತಡೆಯಲಿಲ್ಲ.